ನೆಕ್ಕಿನ ಜೋಡಣೆ, ತಂತಿಯ ಎತ್ತರ

ಎಲೆಕ್ಟ್ರಿಕ್ ಗಿಟಾರಿನ ತಂತಿ ಫ್ರೆಟ್‌ಗಳ ಮೇಲೆ ಎಷ್ಟು ಎತ್ತರದಲ್ಲಿ ನಿಲ್ಲುತ್ತದೋ ಅದಕ್ಕೆ ವಾದಕರು ಆಕ್ಷನ್ ಎನ್ನುತ್ತಾರೆ. ಅದನ್ನು ಸಾಮಾನ್ಯವಾಗಿ ಅಳೆಯುವುದು 12ನೇ ಫ್ರೆಟ್ಟಿನ ಬಳಿ. ಫ್ರೆಟ್ಟಿನ ನೆತ್ತಿಯಿಂದ ತಂತಿಯ ತಳದವರೆಗೆ ಒಂದೂವರೆಯಿಂದ ಎರಡು ಮಿಲಿಮೀಟರ್ ಇದ್ದರೆ ಗಿಟಾರ್ ಕೈಗೆ ಹಗುರ. ಮೂರು ಮಿಲಿಮೀಟರ್ ದಾಟಿದರೆ ಬೆರಳು ನೋಯುತ್ತದೆ. ಒತ್ತುವಾಗ ತಂತಿ ಹೆಚ್ಚು ಹಿಗ್ಗುವುದರಿಂದ ಸ್ವರವೂ ಏರುತ್ತದೆ. ಒಂದು ಮಿಲಿಮೀಟರಿಗಿಂತ ಕೆಳಗಿಳಿದರೆ ತಂತಿ ಫ್ರೆಟ್ಟಿಗೆ ಬಡಿದು ಜರ್ರೆನ್ನತೊಡಗುತ್ತದೆ. ಇವೆರಡರ ನಡುವಿನ ಕಿರಿದಾದ ಜಾಗದಲ್ಲೇ ಹದ ಸಿಗಬೇಕು.

ಕಾರ್ಖಾನೆಯಲ್ಲಿ ತಯಾರಾದ ಗಿಟಾರಿಗೆ ಈ ಹದದ ತಳಪಾಯವನ್ನು ಯಂತ್ರಗಳೇ ಹಾಕಿಕೊಟ್ಟಿರುತ್ತವೆ. ಮನೆಯಲ್ಲಿ ಕಟ್ಟಿದ ಗಿಟಾರಿಗೆ ಹಾಗಲ್ಲ. ಕಿಟ್ ತರಿಸಿ ಜೋಡಿಸಿದ್ದಾಗಲಿ, ಹಲಗೆ ಕೊಯ್ದು ಮೊದಲಿನಿಂದ ಮಾಡಿದ್ದಾಗಲಿ, ಹದ ಕಟ್ಟಿದವರ ಕೈಯಲ್ಲೇ ಇದೆ. ತಂತಿ ಎತ್ತರವಾಯಿತೆಂದರೆ ಹೊಸಬರು ಮೊದಲು ಹುಡುಕುವುದು ಬ್ರಿಡ್ಜಿನ ಸ್ಕ್ರೂವನ್ನು. ಆದರೆ ತಂತಿಯ ಎತ್ತರದ ತೀರ್ಮಾನ ಅದಕ್ಕೂ ಮೊದಲೇ, ನೆಕ್ ಮತ್ತು ಒಡಲು ಕೂಡುವ ಸಂದಿನಲ್ಲಿ ಆಗಿಹೋಗಿರುತ್ತದೆ. ಆ ಸಂದು ಸರಿಯಿದ್ದರೆ ಮಿಕ್ಕ ಕೆಲಸಕ್ಕೆ ಒಂದು ಸಂಜೆ ಸಾಕು. ಸಂದು ಸರಿಯಿಲ್ಲದಿದ್ದರೆ ಬ್ರಿಡ್ಜಿನ ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಹದ ಬಾರದು.

ಕೇಳುಗರು ಮೊದಲು ಗಿಟಾರಿನ ಭಾಗಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಗಟ್ಟಿ ಮರದ ಹಲಗೆಯೇ ಒಡಲು. ಅದರಿಂದ ಹೊರಟ ಉದ್ದನೆಯ ಮರದ ತುಂಡು ನೆಕ್. ನೆಕ್ಕಿನ ಮುಖಕ್ಕೆ ಅಂಟಿರುವ ತೆಳು ಹಲಗೆ ಫ್ರೆಟ್‌ಬೋರ್ಡ್. ಅದರಲ್ಲಿ ಅಡ್ಡಡ್ಡ ಹೂತ ಲೋಹದ ಪಟ್ಟಿಗಳು ಫ್ರೆಟ್‌ಗಳು. ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಬರುವ ಗೀರುಗಳುಳ್ಳ ಸಣ್ಣ ಕಟ್ಟೆ ನಟ್. ಒಡಲಿನ ಮೇಲೆ ತಂತಿಗಳ ಇನ್ನೊಂದು ತುದಿಯನ್ನು ಹೊರುವುದು ಬ್ರಿಡ್ಜ್. ಬ್ರಿಡ್ಜಿನ ಮೇಲೆ ಒಂದೊಂದು ತಂತಿಗೂ ಒಂದೊಂದು ಸಣ್ಣ ಪೀಠವಿರುತ್ತದೆ. ಅದು ಸ್ಯಾಡಲ್. ತಂತಿ ನಟ್ಟಿನಿಂದ ಸ್ಯಾಡಲ್ಲಿಗೆ ನೆಟ್ಟಗೆ ಹೋಗುತ್ತದೆ. ಅದರ ಕೆಳಗೆ ಫ್ರೆಟ್‌ಗಳ ಸಾಲು ಯಾವ ಕೋನದಲ್ಲಿ ನಿಂತಿದೆ ಎನ್ನುವುದನ್ನು ನೆಕ್ಕಿನ ಜೋಡಣೆ ನಿರ್ಧರಿಸುತ್ತದೆ.

ಸರಸ್ವತಿ ವೀಣೆಯಲ್ಲಿ ಲೋಹದ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಕುಶಲಕರ್ಮಿ ಮೇಣವನ್ನು ಮೆತ್ತಗೆ ಮಾಡಿ ಒಂದೊಂದು ಮೆಟ್ಟಿಲಿನ ಎತ್ತರವನ್ನೂ ಬೇರೆಬೇರೆಯಾಗಿ ತಿದ್ದಬಲ್ಲ. ಗಿಟಾರಿಗೆ ಆ ಅನುಕೂಲವಿಲ್ಲ. ಫ್ರೆಟ್‌ಗಳು ಮರದ ಸೀಳಿನಲ್ಲಿ ಬಿಗಿಯಾಗಿ ಹೂತಿರುತ್ತವೆ. ಹಾಗಾಗಿ ಇಡೀ ಸಾಲನ್ನು ಒಟ್ಟಿಗೆ ಓರೆ ಮಾಡಬೇಕು, ಇಲ್ಲವೇ ತಂತಿಯನ್ನು ಮೇಲೆ ಕೆಳಗೆ ಮಾಡಬೇಕು.

ನೆಕ್ಕನ್ನು ಒಡಲಿಗೆ ಸೇರಿಸುವ ಮುಖ್ಯ ವಿಧಾನಗಳು ಎರಡು. ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಸ್ಕ್ರೂ. ಸ್ಕ್ರೂ ವಿಧಾನವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್. 1950ರಲ್ಲಿ ಅವರ ಕಾರ್ಖಾನೆಯಿಂದ ಹೊರಬಂದ ಗಿಟಾರಿನ ಒಡಲಿನಲ್ಲಿ ಒಂದು ಕುಳಿ ಕೊರೆದಿತ್ತು. ಅದರಲ್ಲಿ ನೆಕ್ಕಿನ ಬುಡವನ್ನು ಇಟ್ಟು ಹಿಂದಿನಿಂದ ನಾಲ್ಕು ಸ್ಕ್ರೂ ಬಿಗಿದಿದ್ದರು. ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರ್ ಅದೇ. ನೆಕ್ ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದೆಂಬ ಅನುಕೂಲ ಅದರಲ್ಲಿತ್ತು. ಇಂದು ಮನೆಯಲ್ಲಿ ಗಿಟಾರ್ ಕಟ್ಟುವವರಲ್ಲಿ ಬಹುಮಂದಿ ಹಿಡಿಯುವುದು ಈ ದಾರಿಯನ್ನೇ. ತಪ್ಪಾದರೆ ಬಿಚ್ಚಿ ತಿದ್ದಬಹುದು ಎನ್ನುವುದೇ ಕಾರಣ.

ಅಂಟಿನ ವಿಧಾನ ಹಿಡಿದ ಗಿಬ್ಸನ್ ಕಂಪನಿಯ ಕಥೆಯೂ ಕಲಿಯುವಂಥದ್ದು. ಅವರ ಲೆಸ್ ಪಾಲ್ ಗಿಟಾರ್ ಹೊರಬಂದದ್ದು 1952ರಲ್ಲಿ. ಮೊದಲ ವರ್ಷದ ಗಿಟಾರುಗಳಲ್ಲಿ ನೆಕ್ಕಿನ ಓರೆ ಸಾಲದಾಗಿತ್ತು. ತಂತಿಗಳನ್ನು ಬ್ರಿಡ್ಜಿನ ಸರಳಿನ ಮೇಲೆ ಹಾಯಿಸಿದರೆ ಅವು ತೀರಾ ಎತ್ತರಕ್ಕೆ ಹೋಗುತ್ತಿದ್ದವು. ಹಾಗಾಗಿ ಸರಳಿನ ಅಡಿಯಿಂದ ಹಾಯಿಸಬೇಕಾಯಿತು. ಇದರಿಂದ ಬಲ ಅಂಗೈಯನ್ನು ತಂತಿಗಳ ಮೇಲಿಟ್ಟು ನಾದ ತಡೆಯುವ ವಾದಕರಿಗೆ ತೊಡಕಾಯಿತು. 1953ರಲ್ಲಿ ಬ್ರಿಡ್ಜನ್ನು ಬದಲಿಸಿ, ನೆಕ್ಕಿನ ಓರೆಯನ್ನು ಹೆಚ್ಚಿಸಿದ ಮೇಲೆ ತಂತಿಗಳು ಸರಳಿನ ಮೇಲಕ್ಕೆ ಬಂದವು. ಸಂದಿನ ಕೋನದಲ್ಲಿ ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೂ ಗಿಟಾರ್ ನುಡಿಸುವ ಬಗೆಯೇ ಬದಲಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಮನೆಯಲ್ಲಿ ಕಟ್ಟಿದ ಗಿಟಾರುಗಳಲ್ಲಿ ಜಗತ್ಪ್ರಸಿದ್ಧವಾದದ್ದು ರೆಡ್ ಸ್ಪೆಷಲ್. ಇಂಗ್ಲೆಂಡಿನ ಬ್ರಯಾನ್ ಮೇ 16ರ ಹರೆಯದಲ್ಲಿ, 1963ರಲ್ಲಿ, ತಂದೆ ಹ್ಯಾರಲ್ಡ್ ಜೊತೆ ಅದನ್ನು ಕಟ್ಟಲು ತೊಡಗಿದರು. ಕೆಲಸಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. ನೆಕ್ಕಿಗೆ ಹಳೆಯ ಬೆಂಕಿಗೂಡಿನ ಮಹಾಗನಿ ಮರ ಬಳಸಿದರು. ಅದರಲ್ಲಿ ಹುಳು ಕೊರೆದ ತೂತುಗಳನ್ನು ಬೆಂಕಿಕಡ್ಡಿಯಿಂದ ಮುಚ್ಚಿದರು. ಬ್ರಿಡ್ಜನ್ನೂ ಕೈಯಿಂದಲೇ ಮಾಡಿದರು. ರಾಕ್ ಸಂಗೀತದ ಕ್ವೀನ್ ತಂಡದೊಂದಿಗೆ ದಶಕಗಳ ಕಾಲ ವೇದಿಕೆ ಏರಿದ್ದು ಅದೇ ಗಿಟಾರ್. ಸಾಧಾರಣ ಸಲಕರಣೆಯಿಂದಲೂ ಉತ್ತಮ ಸಂದು ಸಾಧ್ಯ ಎನ್ನುವುದು ಅಲ್ಲಿ ಸಾಬೀತಾಗಿದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹದವಾದ ಎತ್ತರ ಒಂದೂವರೆಯಿಂದ ಎರಡು ಮಿಲಿಮೀಟರ್. ಅದರ ಬುನಾದಿ ನೆಕ್ಕಿನ ಸಂದು. ಇನ್ನು ಆ ಸಂದನ್ನು ಸರಿಪಡಿಸುವ ಕ್ರಮ.

ಮೊದಲನೆಯದು ಕುಳಿ. ಫೆಂಡರ್ ಮಾದರಿಯಲ್ಲಿ ನೆಕ್ಕಿನ ಬುಡ ಸುಮಾರು 56 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ದಪ್ಪ. ಕುಳಿಯ ಆಳ ಸುಮಾರು 16 ಮಿಲಿಮೀಟರ್. ಅಂದರೆ ಫ್ರೆಟ್‌ಬೋರ್ಡಿನ ಮುಖ ಒಡಲಿನಿಂದ ಒಂಬತ್ತು ಹತ್ತು ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ಕುಳಿಯ ತಳ ಸಂಪೂರ್ಣ ಮಟ್ಟಸವಾಗಿರಬೇಕು. ಉಕ್ಕಿನ ನೇರ ಪಟ್ಟಿಯನ್ನು ತಳದಲ್ಲಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಬೇಕು. ಎಲ್ಲಿಯೂ ಪಟ್ಟಿ ಅಲ್ಲಾಡಬಾರದು. ಎಷ್ಟೋ ಸಲ ತೊಂದರೆ ಕೊಡುವುದು ಮರವಲ್ಲ, ಕುಳಿಯೊಳಗೆ ಹರಿದು ಗಟ್ಟಿಯಾದ ಬಣ್ಣ. ಮೂಲೆಯಲ್ಲಿ ನಿಂತ ಒಂದು ತೊಟ್ಟು ವಾರ್ನಿಷ್ ಸಾಕು, ನೆಕ್ ಓರೆಯಾಗಿ ಕೂರಲು. ಅದನ್ನು ಹರಿತವಾದ ಉಳಿಯಿಂದ ಮೆಲ್ಲನೆ ಕೆರೆದು ತೆಗೆಯಬೇಕು.

ನೆಕ್ಕಿನ ಬುಡ ತಳಕ್ಕೆ ಪೂರ್ತಿ ತಾಗಿದೆಯೇ ಎಂದು ತಿಳಿಯಲು ಬಡಗಿಗಳು ಬಳಸುವ ಸುಲಭ ಉಪಾಯವಿದೆ. ನೆಕ್ಕಿನ ಬುಡಕ್ಕೆ ಸೀಮೆಸುಣ್ಣ ಸವರುವುದು. ಕುಳಿಯಲ್ಲಿಟ್ಟು ಒತ್ತಿ ತೆಗೆಯುವುದು. ಕುಳಿಯಲ್ಲಿ ಸುಣ್ಣ ಅಂಟಿದ ಜಾಗಗಳೇ ಉಬ್ಬಿದ ಜಾಗಗಳು. ಅಲ್ಲಿ ಮಾತ್ರ ಕೆರೆಯುವುದು. ತಳವೆಲ್ಲ ಸಮನಾಗಿ ಬೆಳ್ಳಗಾಗುವವರೆಗೆ ಇದನ್ನೇ ಮಾಡುತ್ತ ಹೋಗಬೇಕು. ಪಕ್ಕದ ಗೋಡೆಗಳ ವಿಷಯದಲ್ಲಿ ಅತಿ ಬಿಗಿ ಬೇಡ. ಸುತ್ತಿಗೆಯಿಂದ ಬಡಿದು ಕೂರಿಸಬೇಕಾದ ನೆಕ್ ಮುಂದೊಂದು ದಿನ ಬಣ್ಣವನ್ನು ಸೀಳುತ್ತದೆ. ಅಂಗೈಯ ಒತ್ತಡಕ್ಕೆ ಇಳಿದು ಕೂತರೆ ಸಾಕು.

ಎರಡನೆಯದು ಸ್ಕ್ರೂಗಳ ತೂತು. ಮನೆಯಲ್ಲಿ ಕಟ್ಟುವವರು ಹೆಚ್ಚಾಗಿ ಎಡವುವುದು ಇಲ್ಲೇ. ಸ್ಕ್ರೂವಿನ ದಪ್ಪ ಸುಮಾರು 4 ಮಿಲಿಮೀಟರ್. ಒಡಲಿನ ತೂತು ಅದಕ್ಕಿಂತ ತುಸು ದೊಡ್ಡದಿರಬೇಕು. ಸ್ಕ್ರೂ ಅದರಲ್ಲಿ ಕೈಯಿಂದ ತಳ್ಳಿದರೂ ಜಾರಿಹೋಗಬೇಕು. ಅದರ ಮರೆ ಕಚ್ಚಬೇಕಾದದ್ದು ನೆಕ್ಕಿನ ಮರವನ್ನು ಮಾತ್ರ. ಒಡಲಿನ ಮರವನ್ನೂ ಕಚ್ಚಿದರೆ ಸ್ಕ್ರೂ ಎಷ್ಟು ಬಿಗಿದರೂ ನೆಕ್ಕಿಗೂ ಒಡಲಿಗೂ ನಡುವೆ ಕೂದಲೆಳೆಯ ಸಂದು ಉಳಿದೇಬಿಡುತ್ತದೆ. ನೆಕ್ಕಿನಲ್ಲಿ ಮೊದಲೇ ಸುಮಾರು 3 ಮಿಲಿಮೀಟರಿನ ತೂತು ಕೊರೆದಿರಬೇಕು. ಇಲ್ಲವಾದರೆ ಮೇಪಲ್‌ನಂಥ ಗಟ್ಟಿ ಮರ ಸೀಳಬಹುದು, ಸ್ಕ್ರೂ ಒಳಗೇ ಮುರಿಯಬಹುದು. ಸ್ಕ್ರೂವಿಗೆ ಮೇಣದಬತ್ತಿಯ ಮೇಣ ತಿಕ್ಕಿದರೆ ಸಲೀಸಾಗಿ ಇಳಿಯುತ್ತದೆ.

ಮೂರನೆಯದು ನೆಕ್ಕಿನ ದಿಕ್ಕು. ಕುಳಿ ಮಟ್ಟಸವಾಗಿದೆ, ತೂತುಗಳು ಸರಿಯಾಗಿವೆ. ಆದರೂ ನೆಕ್ ಎಡಕ್ಕೋ ಬಲಕ್ಕೋ ವಾಲಿರಬಹುದು. ಇದನ್ನು ತಿಳಿಯಲು ಮೊದಲ ತಂತಿಯನ್ನೂ ಆರನೆಯ ತಂತಿಯನ್ನೂ ಕಟ್ಟಿ ನೋಡಬೇಕು. ಕೊನೆಯ ಫ್ರೆಟ್ಟಿನ ಬಳಿ ಇವೆರಡೂ ಫ್ರೆಟ್‌ಬೋರ್ಡಿನ ಆಯಾ ಅಂಚಿನಿಂದ ಸಮದೂರದಲ್ಲಿರಬೇಕು. ಒಂದು ಬದಿಯಲ್ಲಿ ಅಂಚು ತೀರಾ ಹತ್ತಿರವಾದರೆ ನುಡಿಸುವಾಗ ತಂತಿ ಜಾರಿ ಹೊರಬೀಳುತ್ತದೆ. ಹಾಗಿದ್ದರೆ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ನೆಕ್ಕನ್ನು ಮೆಲ್ಲನೆ ಪಕ್ಕಕ್ಕೆ ನೂಕಿ, ಮತ್ತೆ ಬಿಗಿಯಬೇಕು. ತಂತಿಗಳ ಒಟ್ಟು ಸೆಳೆತ ಸುಮಾರು 45 ಕಿಲೋ ತೂಕದಷ್ಟು. ಶ್ರುತಿ ಮಾಡಿದ ತಂತಿಗಳಿರುವಾಗಲೇ ಸ್ಕ್ರೂಗಳನ್ನು ಕಾಲು ಸುತ್ತು ಸಡಿಲಿಸಿದರೆ ಆ ಸೆಳೆತವೇ ನೆಕ್ಕನ್ನು ಕುಳಿಯ ಗೋಡೆಗೆ ಒತ್ತಿ ಕೂರಿಸುತ್ತದೆ. ಒಂದು ಸಣ್ಣ ಟಕ್ ಸದ್ದು ಕೇಳಿಸುವುದೂ ಉಂಟು. ಆಮೇಲೆ ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ, ಒಂದು ಮೂಲೆ ಆದ ಮೇಲೆ ಎದುರು ಮೂಲೆ ಎನ್ನುವಂತೆ, ಬಿಗಿಯಬೇಕು.

ಕುಳಿ, ತೂತು, ದಿಕ್ಕು ಈ ಮೂರೂ ಸರಿಹೋದ ಮೇಲೆ ಉಳಿಯುವುದು ಕೋನ. ಇಡೀ ವಿಷಯದ ಹೃದಯವೇ ಇದು. ಕೇಳುಗರು ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಉಕ್ಕಿನ ಉದ್ದ ಪಟ್ಟಿಯೊಂದನ್ನು ಫ್ರೆಟ್‌ಗಳ ಮೇಲೆ ಮಲಗಿಸಿ ಬ್ರಿಡ್ಜಿನವರೆಗೆ ಚಾಚಬೇಕು. ಸ್ಯಾಡಲ್‌ಗಳನ್ನು ಪೂರ್ತಿ ಕೆಳಗಿಳಿಸಿರಬೇಕು. ಆಗ ಪಟ್ಟಿ ಸ್ಯಾಡಲ್‌ಗಳ ತಲೆಯನ್ನು ಸವರುತ್ತ, ಅಥವಾ ತುಸು ಮೇಲೆ, ಹಾದುಹೋದರೆ ಕೋನ ಸರಿಯಿದೆ. ಅಲ್ಲಿಂದ ಸ್ಯಾಡಲ್‌ಗಳನ್ನು ಮೂರು ಮಿಲಿಮೀಟರಿನಷ್ಟು ಎತ್ತಿದರೆ ಬೇಕಾದ ಎತ್ತರ ಸಿಗುತ್ತದೆ. ಪಟ್ಟಿ ಸ್ಯಾಡಲ್‌ಗಳ ತಲೆಗಿಂತ ನಾಲ್ಕೈದು ಮಿಲಿಮೀಟರ್ ಕೆಳಗೆ ಬಂದು ಬ್ರಿಡ್ಜಿಗೆ ಎದುರಾದರೆ ತಂತಿಯನ್ನು ಎಷ್ಟು ಇಳಿಸಿದರೂ ಅದು ಎತ್ತರದಲ್ಲೇ ನಿಲ್ಲುತ್ತದೆ. ಆಗ ನೆಕ್ಕನ್ನು ಹಿಂದಕ್ಕೆ ಓರೆ ಮಾಡಬೇಕು.

ಓರೆ ಮಾಡುವ ಸಾಧನ ಬೆಣೆ. ಗಿಟಾರ್ ಕಟ್ಟುವವರು ಅದನ್ನು ಶಿಮ್ ಎನ್ನುತ್ತಾರೆ. ಕುಳಿಯಲ್ಲಿ, ಬ್ರಿಡ್ಜಿನ ಕಡೆಯ ತುದಿಗೆ, ಅರ್ಧ ಮಿಲಿಮೀಟರ್ ದಪ್ಪದ ಚಕ್ಕೆ ಇಟ್ಟರೆ ನೆಕ್ಕಿನ ಬುಡ ಅಷ್ಟು ಮೇಲೇಳುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ. ಕುಳಿಯ ಉದ್ದ ಸುಮಾರು 75 ಮಿಲಿಮೀಟರ್. ಕುಳಿಯ ಬಾಯಿಯಿಂದ, ಅಂದರೆ ನಟ್ಟಿನ ಕಡೆಯ ತುದಿಯಿಂದ, ಬ್ರಿಡ್ಜಿಗೆ ಇರುವ ದೂರ ಅದರ ಮೂರೂವರೆ ಪಟ್ಟು. ಹಾಗಾಗಿ ಅರ್ಧ ಮಿಲಿಮೀಟರಿನ ಚಕ್ಕೆಯ ಪರಿಣಾಮ ಬ್ರಿಡ್ಜಿನ ಬಳಿ ಮೂರೂವರೆ ಪಟ್ಟಾಗಿ, ಸುಮಾರು ಒಂದೂಮುಕ್ಕಾಲು ಮಿಲಿಮೀಟರ್ ಆಗುತ್ತದೆ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಅದರ ಅರ್ಧ. ಎಂದರೆ, ಅರ್ಧ ಮಿಲಿಮೀಟರಿನ ಚಕ್ಕೆ 12ನೇ ಫ್ರೆಟ್ಟಿನಲ್ಲಿ ತಂತಿಯನ್ನು ಮುಕ್ಕಾಲು ಮಿಲಿಮೀಟರಿಗೂ ಹೆಚ್ಚು ಇಳಿಸುತ್ತದೆ. ಸಾಮಾನ್ಯ ವಿಸಿಟಿಂಗ್ ಕಾರ್ಡಿನ ಒಂದೆರಡು ತುಂಡುಗಳೇ ಈ ಕೆಲಸ ಮಾಡಿಬಿಡುತ್ತವೆ. ಇದಕ್ಕಾಗಿಯೇ ಚಕ್ಕೆಯನ್ನು ತೆಳುವಿನಿಂದ ಶುರುಮಾಡಿ ಒಂದೊಂದೇ ಪದರ ಹೆಚ್ಚಿಸಬೇಕು.

ಉಲ್ಟಾ ತೊಂದರೆಯೂ ಇದೆ. ಸ್ಯಾಡಲ್‌ಗಳನ್ನು ಪೂರ್ತಿ ಎತ್ತಿದರೂ ತಂತಿ ಜರ್ರೆನ್ನುತ್ತಿದ್ದರೆ ಓರೆ ಹೆಚ್ಚಾಗಿದೆ ಎಂದರ್ಥ. ಆಗ ಚಕ್ಕೆಯನ್ನು ಕುಳಿಯ ಬಾಯಿಯ ಕಡೆಗೆ, ಅಂದರೆ ನಟ್ಟಿನ ದಿಕ್ಕಿನ ತುದಿಗೆ, ಇಡಬೇಕು.

ಚಕ್ಕೆ ಕಾಗದದ್ದಾದರೂ ಇರಬಹುದು, ಮರದ ತೆಳು ಸಿಬಿರಾದರೂ ಇರಬಹುದು. ಹಳೆಯ ಕಾರ್ಖಾನೆ ಗಿಟಾರುಗಳನ್ನು ಬಿಚ್ಚಿದಾಗಲೂ ಒಳಗೆ ಫೈಬರ್ ಚಕ್ಕೆಗಳು ಸಿಗುತ್ತವೆ. ಫೆಂಡರ್ ಕಂಪನಿಯಂತೂ 1970ರ ದಶಕದ ಕೆಲವು ಮಾದರಿಗಳಲ್ಲಿ, ಹಿಂದಿನಿಂದ ಕೀಲಿ ತಿರುಗಿಸಿ ಓರೆ ಬದಲಿಸುವ ಏರ್ಪಾಟನ್ನೇ ಮಾಡಿತ್ತು. ಆದರೆ ಸಣ್ಣ ಚಕ್ಕೆಯಲ್ಲಿ ಒಂದು ಕೊರತೆಯಿದೆ. ಅದರ ಮುಂದೆ ಪೊಳ್ಳು ಉಳಿಯುತ್ತದೆ. ಸ್ಕ್ರೂಗಳ ಎಳೆತಕ್ಕೆ ವರ್ಷಗಳು ಕಳೆದಂತೆ ನೆಕ್ಕಿನ ಬುಡ ಬಾಗಿ, ಕೊನೆಯ ಫ್ರೆಟ್‌ಗಳು ಮೇಲೇಳಬಹುದು ಎನ್ನುವುದು ಅನುಭವಿ ಕುಶಲಕರ್ಮಿಗಳ ಎಚ್ಚರಿಕೆ. ಆದ್ದರಿಂದ ಪ್ರಯೋಗಕ್ಕೆ ಕಾಗದ ಸಾಕು. ದಪ್ಪ ನಿಶ್ಚಯವಾದ ಮೇಲೆ ಕುಳಿಯ ಉದ್ದಗಲಕ್ಕೂ ಹರಡಿದ, ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಶೂನ್ಯವಾಗುವ ಮರದ ಬೆಣೆ ಮಾಡಿ ಹಾಕುವುದು ಒಳ್ಳೆಯದು.

ಅಂಟಿನ ನೆಕ್ ಕಟ್ಟುವವರಿಗೆ ಇಲ್ಲಿ ಒಂದು ವಿಶೇಷ ಮಾತು. ಅವರಿಗೆ ಎರಡನೆಯ ಅವಕಾಶವಿಲ್ಲ. ಗಿಬ್ಸನ್ ಮಾದರಿಯ ಎತ್ತರದ ಬ್ರಿಡ್ಜಿಗೆ ಎರಡರಿಂದ ನಾಲ್ಕು ಡಿಗ್ರಿ ಓರೆ ಬೇಕು. ಫೆಂಡರ್ ಮಾದರಿಯ ತಗ್ಗು ಬ್ರಿಡ್ಜಿಗೆ ಓರೆ ಬಹುತೇಕ ಬೇಡ. ಆದ್ದರಿಂದ ಬ್ರಿಡ್ಜನ್ನು ಕೈಯಲ್ಲಿ ಹಿಡಿದು, ಅಂಟಿಲ್ಲದೆ ನೆಕ್ಕನ್ನು ಕೂರಿಸಿ, ಉಕ್ಕಿನ ಪಟ್ಟಿಯ ಪರೀಕ್ಷೆ ಮುಗಿದ ಮೇಲೆಯೇ ಅಂಟಿನ ಡಬ್ಬಿ ತೆರೆಯಬೇಕು.

ಸಂದಿನ ಕೆಲಸ ಇಲ್ಲಿಗೆ ಮುಗಿಯಿತು. ಕುಳಿ ಮಟ್ಟಸ, ತೂತು ಸಡಿಲ, ನೆಕ್ ನೆಟ್ಟಗೆ, ಕೋನ ಸರಿ. ಇನ್ನು ತಂತಿಯ ಎತ್ತರದ ಮೇಲೆ ಪರಿಣಾಮ ಬೀರುವ ಮೂರು ಜಾಗಗಳಿವೆ. ಟ್ರಸ್ ರಾಡ್, ನಟ್, ಸ್ಯಾಡಲ್. ತಿದ್ದಬೇಕಾದ ಕ್ರಮವೂ ಇದೇ.

ಟ್ರಸ್ ರಾಡ್ ಎಂದರೆ ನೆಕ್ಕಿನೊಳಗೆ ಉದ್ದಕ್ಕೆ ಹುದುಗಿದ ಉಕ್ಕಿನ ಸರಳು. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ 1923ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಮೇಪಲ್ ಗಟ್ಟಿ ಮರ, ಸರಳು ಬೇಡ ಎಂದು ಲಿಯೋ ಫೆಂಡರ್ ಮೊದಲು ನಂಬಿದ್ದರು. 1950ರ ಆರಂಭದ ನೆಕ್‌ಗಳಲ್ಲಿ ಸರಳಿರಲಿಲ್ಲ. ಕೆಲವು ಬಾಗಿದವು. ಅದೇ ವರ್ಷದ ಕೊನೆಯ ಹೊತ್ತಿಗೆ ಸರಳು ಸೇರಿತು. ತಂತಿಗಳ ಸೆಳೆತಕ್ಕೆ ನೆಕ್ ತುಸು ಮುಂದಕ್ಕೆ ಬಾಗುತ್ತದೆ, ಸರಳು ಅದನ್ನು ಹಿಂದಕ್ಕೆ ಎಳೆಯುತ್ತದೆ.

ನೆಕ್ ಕಡ್ಡಿಯಂತೆ ನೇರವಿರಬೇಕಿಲ್ಲ. ಮಿಡಿದ ತಂತಿ ನಡುವಿನಲ್ಲಿ ಹೆಚ್ಚು ತೂಗಾಡುತ್ತದೆ, ಅದಕ್ಕೆ ಜಾಗ ಬೇಕು. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿಹಿಡಿದು 7ನೇ ಅಥವಾ 8ನೇ ಫ್ರೆಟ್ಟಿನ ಮೇಲೆ ಸಂದು ಎಷ್ಟಿದೆ ನೋಡಬೇಕು. ಕಾಲು ಮಿಲಿಮೀಟರ್ ಇದ್ದರೆ ಸರಿ. ಹೆಚ್ಚಿದ್ದರೆ ಸರಳನ್ನು ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ ತಿರುಗಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮರ ಹೊಂದಿಕೊಳ್ಳಲು ಸಮಯ ಕೊಡಬೇಕು, ಮತ್ತೆ ಶ್ರುತಿ ಮಾಡಿ ಅಳೆಯಬೇಕು. ತಂತಿಯನ್ನು ಇಳಿಸಲು ಟ್ರಸ್ ರಾಡನ್ನು ಬಳಸುವುದು ತಪ್ಪು ಅಭ್ಯಾಸ. ಅದರ ಕೆಲಸ ನೆಕ್ಕಿನ ಬಾಗನ್ನು ತಿದ್ದುವುದು ಮಾತ್ರ.

ಎರಡನೆಯ ಜಾಗ ನಟ್. ತಂತಿಯನ್ನು ಎರಡನೆಯ ಮತ್ತು ಮೂರನೆಯ ಫ್ರೆಟ್ಟಿನ ನಡುವೆ ಒತ್ತಬೇಕು. ಆಗ ಮೊದಲ ಫ್ರೆಟ್ಟಿನ ಮೇಲೆ ಒಂದು ತೆಳು ಕಾಗದ ತೂರುವಷ್ಟು ಸಂದು ಉಳಿದರೆ ಸಾಕು. ಹೆಚ್ಚಿದ್ದರೆ ನಟ್ಟಿನ ಗೀರನ್ನು ಸಣ್ಣ ಅರದಿಂದ ಆಳ ಮಾಡಬೇಕು. ಎರಡು ಉಜ್ಜು, ಒಂದು ಪರೀಕ್ಷೆ. ಉಜ್ಜಿ ಹೋದದ್ದು ಮರಳಿ ಬಾರದು. ನಟ್ ಎತ್ತರವಾಗಿದ್ದರೆ ಮೊದಲ ಫ್ರೆಟ್‌ಗಳ ಬಳಿ ಹಿಡಿಯುವ ಸ್ವರಮೇಳಗಳು ಬೆರಳಿಗೆ ಗಟ್ಟಿಯಾಗುತ್ತವೆ, ಅಪಸ್ವರವಾಗಿಯೂ ಕೇಳಿಸುತ್ತವೆ. ಎಷ್ಟೋ ಕಿಟ್ ಗಿಟಾರುಗಳ ದೋಷ ಇದೊಂದೇ.

ಮೂರನೆಯ ಜಾಗ ಸ್ಯಾಡಲ್. ಇಲ್ಲಿ ಒಂದು ಮಿಲಿಮೀಟರ್ ಇಳಿಸಿದರೆ 12ನೇ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಇಳಿಯುತ್ತದೆ. ದಪ್ಪ ತಂತಿ ಹೆಚ್ಚು ತೂಗಾಡುವುದರಿಂದ ಅದಕ್ಕೆ ಸುಮಾರು ಎರಡು ಮಿಲಿಮೀಟರ್, ತೆಳು ತಂತಿಗೆ ಒಂದೂವರೆ ಮಿಲಿಮೀಟರ್ ಎತ್ತರ ಇಡುವುದು ರೂಢಿ. ಫ್ರೆಟ್‌ಬೋರ್ಡಿನ ಮುಖ ಅಡ್ಡಕ್ಕೆ ಸ್ವಲ್ಪ ಉಬ್ಬಿರುತ್ತದೆ. ಸ್ಯಾಡಲ್‌ಗಳ ಸಾಲೂ ಅದೇ ಉಬ್ಬನ್ನು ಅನುಸರಿಸಬೇಕು. ನಡುವಿನ ತಂತಿಗಳು ಅಂಚಿನವಕ್ಕಿಂತ ಮೇಲಿರಬೇಕು. ಎತ್ತರ ನಿಂತ ಮೇಲೆ ಕೊನೆಗೆ ಸ್ಯಾಡಲ್‌ಗಳನ್ನು ಹಿಂದೆ ಮುಂದೆ ಸರಿಸಿ, ತೆರೆದ ತಂತಿಯ ಸ್ವರವೂ 12ನೇ ಫ್ರೆಟ್ಟಿನ ಸ್ವರವೂ ಸರಿಯಾಗಿ ಒಂದು ಸ್ಥಾಯಿ ಅಂತರದಲ್ಲಿ ಹೊಂದುವಂತೆ ಮಾಡಬೇಕು.

ಇಷ್ಟಾದರೂ ಜರ್ರೆನ್ನುವ ಸದ್ದು ಉಳಿದರೆ ಅದು ಎಲ್ಲಿ ಬರುತ್ತದೆ ಎಂದು ಕಿವಿಗೊಡಬೇಕು. ತೆರೆದ ತಂತಿಯಲ್ಲಿ ಮಾತ್ರ ಬಂದರೆ ನಟ್ಟಿನ ಗೀರು ಆಳವಾಗಿದೆ. ಮೊದಲ ಐದು ಫ್ರೆಟ್‌ಗಳಲ್ಲಿ ಬಂದರೆ ನೆಕ್ ಹಿಂದಕ್ಕೆ ಬಾಗಿದೆ. 12ರ ಆಚೆ ಬಂದರೆ ಸ್ಯಾಡಲ್ ತಗ್ಗಾಗಿದೆ, ಇಲ್ಲವೇ ನೆಕ್ಕಿನ ಬುಡ ಎದ್ದಿದೆ. ಒಂದೇ ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಮೂರು ಫ್ರೆಟ್‌ಗಳ ಮೇಲೆ ಕೂರುವ ಸಣ್ಣ ಉಕ್ಕಿನ ತುಂಡು ಅಲ್ಲಾಡಿದರೆ ನಡುವಿನ ಫ್ರೆಟ್ ಎತ್ತರವಿದೆಯೆಂದು ಖಚಿತವಾಗುತ್ತದೆ.

ಕೊನೆಯದಾಗಿ ಹವೆಯ ಮಾತು. ನೆಕ್ ಮರದ್ದು, ಮರ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಫೆಂಡರ್ ಗಿಟಾರುಗಳ ಮೇಪಲ್ ನೆಕ್ಕಿನ ಮೇಲೆ 1959ರ ಹೊತ್ತಿಗೆ ರೋಸ್‌ವುಡ್ ಫ್ರೆಟ್‌ಬೋರ್ಡ್ ಬಂತು. ಮೊದಲು ಬ್ರೆಜಿಲ್‌ನದು, 1960ರ ದಶಕದಲ್ಲಿ ಭಾರತದ್ದು. ಭಾರತದ ರೋಸ್‌ವುಡ್ ಎಂದರೆ ಕೊಡಗು, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಬೀಟೆ. ಬೀಟೆಯೂ ಮೇಪಲ್ಲೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಹದಗೊಳಿಸಿದ ಗಿಟಾರ್ ಕಲಬುರಗಿಯ ಬೇಸಿಗೆಯಲ್ಲಿ ಹದ ತಪ್ಪುವುದು ಸಹಜ. ನೆಕ್ಕಿನ ಬಾಗು ಬದಲಾಗುತ್ತದೆ. ಒಣ ಹವೆಯಲ್ಲಿ ಮರ ಕುಗ್ಗಿ ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಚಾಚುತ್ತವೆ. ಋತು ಬದಲಾದಾಗಲೆಲ್ಲ ಟ್ರಸ್ ರಾಡಿನ ಅಳತೆಯನ್ನು ಒಮ್ಮೆ ನೋಡುವುದು ಒಳ್ಳೆಯ ರೂಢಿ. ಸಂದಿನ ಕೋನವನ್ನು ಮಾತ್ರ ಮುಟ್ಟಬೇಕಿಲ್ಲ. ಒಮ್ಮೆ ಸರಿಯಾಗಿ ಕೂತ ಸಂದು ವರ್ಷಗಟ್ಟಲೆ ನಿಲ್ಲುತ್ತದೆ.

ಗಿಟಾರ್ ಕಟ್ಟಲು ಹೊರಟ ಕೇಳುಗರು ಕ್ರಮವನ್ನು ನೆನಪಿಡಬೇಕು. ಮೊದಲು ಕುಳಿ, ಆಮೇಲೆ ತೂತು, ದಿಕ್ಕು, ಕೋನ. ನಂತರ ಟ್ರಸ್ ರಾಡ್, ನಟ್, ಸ್ಯಾಡಲ್. ಹಿಂದಿನ ಹಂತ ಸರಿಯಾಗದೆ ಮುಂದಿನದಕ್ಕೆ ಕೈಹಾಕಬಾರದು. ಬೇಕಾದ ಸಲಕರಣೆ ಕಡಿಮೆ. ಒಂದು ಉಕ್ಕಿನ ಪಟ್ಟಿ, ಮಿಲಿಮೀಟರಿನ ಸಣ್ಣ ಭಾಗಗಳನ್ನು ಅಳೆಯುವ ಫೀಲರ್ ಗೇಜ್, ಹರಿತವಾದ ಉಳಿ, ಸಣ್ಣ ಅರ. ಇವುಗಳ ಜೊತೆಗೆ ತಾಳ್ಮೆಯಿದ್ದರೆ ಕಿಟ್ಟಿನಿಂದ ಬಂದ ಅಗ್ಗದ ಮರದ ತುಂಡುಗಳೂ ಕೈಗೆ ಒಗ್ಗುವ, ಶ್ರುತಿ ಹಿಡಿಯುವ ವಾದ್ಯವಾಗುತ್ತವೆ.